ದೇವಿ ಬಂದಾಗ ದಾಟಿದ ಹೊಸ್ತಿಲು

ಎಂಬತ್ತರ ದಶಕದ ಕೊನೆ ಇರಬೇಕು. ಸೀಮಂತದ ಕುಬಸ ಮುಗಿಸಿ ಅವ್ವ ನನ್ನನ್ನು ಚೊಚ್ಚಲ ಹೆರಿಗೆಗೆಂದು ತವರೂರು ಪಾಲಬಾವಿಗೆ ಕರೆತಂದ ಮೇಲೆ ನನಗೆ ಸೀತಾಳಸಿಡುಬು ಬಂತು. ನಮ್ಮಲ್ಲಿ ಅದನ್ನು ರೋಗ ಅನ್ನುವುದಿಲ್ಲ, ದೇವಿ ಬಂದಾಳ ಅನ್ನುತ್ತೇವೆ. ದೇವಿ ಬಂದ ಮನೆಯಲ್ಲಿ ಒಗ್ಗರಣೆ ಹಾಕಬಾರದು, ಔಷಧ ಮುಟ್ಟಬಾರದು, ಅವಳು ತಾನಾಗಿ ಹೋಗುವವರೆಗೆ ಹೊಸ್ತಿಲು ದಾಟಬಾರದು. ಅವ್ವ ಹಾಸಿಗೆಗೆ ಬೇವಿನ ಸೊಪ್ಪು ಹಾಸಿದಳು, ದಿನಾ ಮೊಸರನ್ನದ ಎಡೆ ಇಟ್ಟಳು. ಅವಳಷ್ಟು ಜೀವ ತೇಯ್ದು ನನ್ನನ್ನು ನೋಡಿಕೊಂಡವರು ಯಾರೂ ಇಲ್ಲ. ಅದಕ್ಕೇ ಅವಳ ಮೇಲೆ ಸಿಟ್ಟಾಗಲೂ ನನ್ನಿಂದ ಆಗುವುದಿಲ್ಲ.

ಮೈತುಂಬ ಗುಳ್ಳೆ ಎದ್ದ ಮೇಲೆ ಒಣಕೆಮ್ಮು ಹತ್ತಿತು. ಆಮೇಲೆ ಉಸಿರು ಕಟ್ಟತೊಡಗಿತು. ಮಲಗಿದರೆ ಎದೆ ಹಿಡಿಯುತ್ತಿತ್ತು, ಕೂತರೆ ಹೊಟ್ಟೆ ಭಾರ. ಗೋಡೆಗೆ ಒರಗಿ ಒಂದೊಂದೇ ಉಸಿರನ್ನು ಎಳೆದುಕೊಳ್ಳುವುದೇ ನನ್ನ ಕೆಲಸವಾಯಿತು. ಅಷ್ಟು ದಣಿವು ದಿನವಿಡೀ ಕಬ್ಬಿನ ಕಳೆ ತೆಗೆದಾಗಲೂ ಆಗಿರಲಿಲ್ಲ. ಡಾಕ್ಟರರ ಹತ್ತಿರ ಹೋಗೋಣವೆಂದರೆ, ದೇವಿ ಮುನಿದರೆ ಕೂಸಿನ ಗತಿಯೇನು ಎಂದು ಅವ್ವ ಅಳುತ್ತಿದ್ದಳು. ಕೂಸು ಹೊಟ್ಟೆಯಲ್ಲಿ ಮಿಸುಕಾಡುವುದು ಕಡಿಮೆಯಾಗಿತ್ತು. ನನಗೆ ಹೆದರಿಕೆ, ಹೇಳಲು ಉಸಿರಿಲ್ಲ.

ಸುದ್ದಿ ತಿಳಿದು ಗಂಡನ ಊರು ಐನಾಪುರದಿಂದ ಅತ್ತೆ ಬಸ್ಸು ಹತ್ತಿ ಬಂದರು. ಬಾಯಿ ಜೋರಿನ ಹೆಂಗಸು, ನನಗೂ ಅವರಿಗೂ ಅಷ್ಟಕ್ಕಷ್ಟೇ. ನೀಲಿಗಟ್ಟಿದ ನನ್ನ ಉಗುರು ನೋಡಿ ಅವ್ವನಿಗೆ, "ದೇವಿ ಮೈಮ್ಯಾಲ ಬರ್ತಾಳ್ರಿ, ಉಸರಿನ ಮ್ಯಾಲ ಕುಂದ್ರೂದಿಲ್ಲ," ಅಂದರು. ಜೀಪು ತರಿಸಿದರು. ಅವ್ವ ಬಾಗಿಲಿಗೆ ಅಡ್ಡ ನಿಂತಳು. ಅತ್ತೆ ಅವಳನ್ನು ಸರಿಸಿ ನನ್ನನ್ನು ಹೊರಗೆ ಕರೆತಂದರು.

ಮಿರಜಿನ ಆಸ್ಪತ್ರೆಯಲ್ಲಿ ನನಗೆ ಆಕ್ಸಿಜನ್ ಹಚ್ಚಿದರು. ಕೂಸು ಅಲ್ಲೇ ಹುಟ್ಟಿತು, ಉಸಿರಾಡಲೇ ಇಲ್ಲ. ಸಿಡುಬು ಶ್ವಾಸಕೋಶಕ್ಕೆ ಇಳಿದಿತ್ತು, ಬಸುರಿಯರಿಗೆ ಅದು ಜೀವಕ್ಕೇ ಬರುತ್ತದೆ, ಕೆಮ್ಮು ಹತ್ತಿದ ಕೂಡಲೇ ತಂದಿದ್ದರೆ ಬಹುಶಃ ಕೂಸೂ ಉಳಿಯುತ್ತಿತ್ತು ಎಂದು ಡಾಕ್ಟರು ಮರಾಠಿಯಲ್ಲಿ ಅತ್ತೆಗೆ ಹೇಳಿದರು. ನಮ್ಮ ಹಿಂದೆಯೇ ಬಂದಿದ್ದ ಅವ್ವ ಆಗ ವಾರ್ಡಿನ ಹೊರಗೆ ಕೂತಿದ್ದಳು. ಕಣ್ಣು ಮುಚ್ಚಿ ಮಲಗಿದ್ದ ನನಗೆ ಎಲ್ಲ ಕೇಳಿಸಿತು. ಅಳುವುದಕ್ಕೂ ತ್ರಾಣ ಬೇಕು, ಅದೂ ಇರಲಿಲ್ಲ.

ಊರಿಗೆ ಮರಳಿದ ಮೇಲೆ ಮಾತಾಡಿಸಲು ಬಂದವರೆದುರು ಅವ್ವನದು ಒಂದೇ ಮಾತು: ದೇವಿ ಇದ್ದಾಗ ಹೊಸ್ತಿಲು ದಾಟಿಸಿ ಬೀಗತಿ ನಮ್ಮ ಕೂಸನ್ನು ನುಂಗಿದಳು. ಅತ್ತೆ ಅಲ್ಲೇ ಕೂತಿದ್ದರು. ಡಾಕ್ಟರು ಅಂದದ್ದನ್ನು ಹೇಳಿಬಿಡೋಣವೆಂದು ನಾನು ಬಾಯಿ ತೆರೆದೆ. ಅತ್ತೆ ನನ್ನ ಕೈಯನ್ನು ಗಟ್ಟಿಯಾಗಿ ಅದುಮಿ, ಅವ್ವನ ಕಡೆ ತಿರುಗಿದರು.

"ಹೌದ್ರಿ ಬೀಗತಿ, ನಂದ ತಪ್ಪಾತ್ರಿ."