ಬೂವಮ್ಮ ಅರೆದ ಗೋಡೆ

ಮೊನ್ನೆ ಮೊಮ್ಮಗ ಮಾವಿನ ಗಿಡದ ಬುಡಕ್ಕೆ ಬಳಿಯಬೇಕೆಂದು ಹಳೆಯ ಬಕೀಟಿಗೆ ಸುಣ್ಣದ ಕಲ್ಲು ಹಾಕಿ ನೀರು ಹೊಯ್ದ. ಬುಸಬುಸ ಆವಿ ಎದ್ದಿತು. ಮೂಗು ಚುರುಗುಟ್ಟಿಸುವ ಆ ಬಿಸಿ ವಾಸನೆ… ಒಳಗೆ ಹೋಗಜ್ಜಿ, ಕಣ್ಣಿಗೆ ಸಿಡಿದೀತು ಎಂದು ಅವನು ಎರಡು ಸಲ ಹೇಳಿದ. ನನಗೆ ಹೋಗಲು ಮನಸ್ಸಾಗಲಿಲ್ಲ. ಚನ್ನಗಿರಿಯ ನಮ್ಮ ಹಿತ್ತಲ ಮೋಟುಗೋಡೆಯಾಚೆ ಕೂತು ಸುಣ್ಣ ಅರೆಯುತ್ತಿದ್ದ ಹೆಂಗಸು ಕಣ್ಣ ಮುಂದೆ ಬಂದು ಕೂತಿದ್ದಳು.

ಗಾರೆ ಮೇಸ್ತ್ರಿ ಸಾಬರ ಹೆಂಡತಿ ಆಕೆ. ಹೆತ್ತವರಿಟ್ಟ ಹೆಸರು ಬೇರೆ ಏನೋ ಇತ್ತು, ಓಣಿಗೆಲ್ಲ ಬೂವಮ್ಮ. ಸಾಬರದು ದೊಡ್ಡವರ ಮನೆಗಳ ಒಳಗನ್ನು ಚಂದ ಮಾಡುವ ಕೆಲಸ. ಗೂಡುಗಳಿಗೆ ಕಮಾನು, ಸೂರಿನ ಕೆಳಗೆ ಹೂಬಳ್ಳಿ, ಕಿಟಕಿಗೆ ಬಣ್ಣದ ಗಾಜು, ಎಲ್ಲಕ್ಕಿಂತ ಮೇಲಾಗಿ ಕನ್ನಡಿಯಂತೆ ಹೊಳೆಯುವ ಗಾರೆಗೋಡೆ. ಮುಖ ನೋಡಿಕೊಂಡು ಪೇಟ ಸುತ್ತಿಕೊಳ್ಳಬಹುದು ಎನ್ನುತ್ತಿದ್ದರು ಜನ.

ಆ ಹೊಳಪಿನ ಕೊನೆಯ ಕೈಗೆ, ಎಲ್ಲದರ ಮೇಲೆ ಬಳಿಯುವ ತೆಳು ಪದರಕ್ಕೆ, ಬೇಕಾದ ಸುಣ್ಣ ಬೂವಮ್ಮನದು. ತಿಂಗಳುಗಟ್ಟಲೆ ನೀರಿನಲ್ಲಿ ನೆನೆದ ಸುಣ್ಣವನ್ನು ತೆಳುಬಟ್ಟೆಯಲ್ಲಿ ಸೋಸಿ, ಮೊಟ್ಟೆಯ ಬಿಳಿ ಬೆರೆಸಿ, ಒರಳಿನಲ್ಲಿ ದಿನವಿಡೀ ಅರೆಯುತ್ತಿದ್ದಳು. ಹದ ನೋಡುವ ರೀತಿ ಆಕೆಯದೇ. ಎರಡು ಬೆರಳ ನಡುವೆ ಚೂರು ಸುಣ್ಣ ಇಟ್ಟು, ಕಿವಿಯ ಹತ್ತಿರ ಹಿಡಿದು, ಕಣ್ಣು ಮುಚ್ಚಿ ತಿಕ್ಕುತ್ತಿದ್ದಳು. ಮೋಟುಗೋಡೆ ಹತ್ತಿ ಕೂತ ನಾನು ಆಯ್ತಾ ಎಂದು ಕೇಳಿದರೆ, "ಇನ್ನೂ ಮಾತಾಡ್ತೈತೆ ಮಗಾ. ಬಾಯಿ ಮುಚ್ಕಬೇಕು. ನಿನ್ನಂಗಲ್ಲ ಅದು, ಹೇಳಿದ್ರೆ ಕೇಳ್ತೈತೆ" ಎಂದು ನಗುತ್ತಿದ್ದಳು. ಸದ್ದು ಪೂರ್ತಿ ನಿಂತ ಮೇಲೆಯೇ ಸುಣ್ಣ ಮಡಕೆ ಸೇರುತ್ತಿತ್ತು, ಮಡಕೆ ಗಾಡಿ ಹತ್ತುತ್ತಿತ್ತು.

ಆದರೆ ಆ ಸುಣ್ಣ ಗೋಡೆಯಾದದ್ದನ್ನು ಆಕೆ ನೋಡಿದವಳಲ್ಲ. ಕೆಲಸ ನಡೆಯುವಷ್ಟು ದಿನ ಗಂಡಸಾಳುಗಳಿಗೆ ಆ ಮನೆಗಳ ಒಳಕ್ಕೆ ದಾರಿ ಇರುತ್ತಿತ್ತು. ಮುಗಿದ ಮೇಲೆ ಅವರಿಗೂ ಇಲ್ಲ. ಇನ್ನು ಊರಲ್ಲಿ ಕೂತು ಅರೆಯುವವಳನ್ನು ಕರೆದು ತೋರಿಸುವವರು ಯಾರು? ಸಾಯೋದ್ರೊಳಗೆ ನನ್ನದೊಂದು ಗೋಡೆ ನೋಡಬೇಕು ಎಂದು ನಮ್ಮ ಅವ್ವನ ಹತ್ತಿರ ಆಗಾಗ ಅನ್ನುತ್ತಿದ್ದಳು.

ಯುದ್ಧದ ಕಾಲದಲ್ಲಿ ಒಂದು ವರ್ಷ ಸಾಬರ ದೆಸೆ ತಿರುಗಿತು. ಪೇಟೆಯಲ್ಲಿ ಸಿಮೆಂಟು ಸಿಗದಂತಾಗಿ, ಗಾರೆ ಹಳೇ ಕಾಲದ್ದು ಎಂದು ಮೂಗು ಮುರಿದಿದ್ದ ಸಾಹುಕಾರರೆಲ್ಲ ನಮ್ಮ ಓಣಿಗೆ ಬಂದರು. ಊರಿನ ವಕೀಲರ ಮುಂಗೋಣೆ ಮುಗಿಯುವಷ್ಟರಲ್ಲಿ ಹೊನ್ನಾಳಿಯ ಮಂಡಿ ಸಾಹುಕಾರರ ಪಡಸಾಲೆ. ಅದು ನಡೆಯುತ್ತಿರುವಾಗಲೇ ನ್ಯಾಮತಿಯ ಜವಳಿ ಅಂಗಡಿಯವರ ಮಹಡಿಗೆ ಮಾತು. ನಾಲ್ಕೇ ಜನರಿದ್ದ ಕೆಲಸಗಾರರ ತಂಡಕ್ಕೆ ಕೆರೆಬಿಳಚಿಯಿಂದ, ಸಾಸ್ವೆಹಳ್ಳಿಯಿಂದ ಆಳುಗಳು ಬಂದು ಸೇರಿದರು. ಸಾಬರು ಸೈಕಲ್ಲು ಕೊಂಡರು, ಕೋಟು ಹೊಲಿಸಿದರು. ಇನ್ನು ಅರಮನೆಯವರು ಕರೆದರೂ ಸಾಬರಿಗೆ ಪುರಸೊತ್ತಿಲ್ಲ ಬಿಡ್ರೀ ಎಂದು ನಮ್ಮಜ್ಜಿ ಹಾಸ್ಯ ಮಾಡುತ್ತಿದ್ದಳು. ತಂಡ ಬೆಳೆಯಿತು, ಬೂವಮ್ಮನ ಕೈ ಮಾತ್ರ ಎರಡೇ ಉಳಿದವು.

ಹಾಗಾಗಿ ಜಗಳೂರಿನ ಜಮೀನ್ದಾರರ ಪಡಸಾಲೆ ಒಪ್ಪಿಕೊಂಡಾಗ ಸಾಬರು ಅಲ್ಲಿಯ ಮೂವರು ಹೆಂಗಸರನ್ನು ಅರೆಯಲು ಇಟ್ಟುಕೊಂಡರು. ದೊಡ್ಡ ಗೋಡೆಯ ಮೇಲರ್ಧಕ್ಕೆ ಕೊನೆಯ ಕೈ ಹಾಕಿ ಎಷ್ಟು ತಿಕ್ಕಿದರೂ ಹೊಳಪು ಮಂಕು. ಬೂವಮ್ಮನಿಗೆ ಹೇಳಿ ಕಳಿಸಿದರು. ಅದೇ ವಾರ ಅಪ್ಪ ನನ್ನನ್ನು ಜಗಳೂರಿನ ಅಕ್ಕನ ಮನೆಗೆ ಬಿಡಲು ಹೊರಟಿದ್ದರು. ಬೂವಮ್ಮ ನಮ್ಮ ಜೊತೆಯಾದಳು.

ಪೆಟ್ರೋಲು ಸಿಗದ ಕಾಲ, ಆಗಿನದು ಇದ್ದಿಲು ಉರಿಸಿ ಓಡಿಸುವ ಬಸ್ಸು. ದಿಣ್ಣೆ ಬಂದರೆ ಇಳಿದು ನೂಕಬೇಕು. ಬೂವಮ್ಮ ತನ್ನ ಒರಳಿನ ಗುಂಡನ್ನು ಗೋಣಿಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡಿದ್ದಳು. ಇದಕ್ಕೂ ಟಿಕೀಟು ತಗಬೇಕಲ್ಲ ಬೂವಮ್ಮಾ ಎಂದ ಕಂಡಕ್ಟರು. "ತೊಡೆ ಮ್ಯಾಲಿನ ಕೂಸಿಗೆ ಟಿಕೀಟು ಯಾವೂರಲ್ಲೈತಪ್ಪಾ?" ಅಂದಳು. ಬಸ್ಸೆಲ್ಲ ನಕ್ಕಿತು.

ಜಗಳೂರಿನಲ್ಲಿ ಜಮೀನ್ದಾರರ ಮನೆಯ ಹಿಂದೆ ಕೂತು, ಆ ಹೆಂಗಸರು ಅರೆದಿಟ್ಟದ್ದನ್ನು ಕಿವಿಗೆ ಹಿಡಿದವಳೇ ಬೂವಮ್ಮ ಮುಖ ಗಂಟಿಕ್ಕಿದಳು. ಮೇಲಿನದನ್ನು ಪೂರ್ತಿ ಕೆರೆದು ಹಾಕು ಎಂದಳು ಗಂಡನಿಗೆ. ಗೃಹಪ್ರವೇಶದ ದಿನ ಗೊತ್ತಾಗಿತ್ತು, ಸಾಬರಿಗೆ ಅವಸರ. ಮೇಲಿನದು ಇರಲಿ, ಕಿಟಕಿಯಿಂದ ಕೆಳಕ್ಕೆ ನಿನ್ನದು ಹಾಕೋಣ ಎಂದರು. ಕೂಡಿಸಿದ ಗೆರೆ ಉಳಿಯುತ್ತದೆ ಎಂದು ಆಕೆ ಪಟ್ಟು ಹಿಡಿದಳು.

"ಯಾರಿಗೆ ಕಾಣ್ತೈತೆ ಅದು?"

"ನನಗೆ ಕಾಣ್ತೈತೆ."

"ನೀನೇನು ಒಳಗೆ ಹೋಗಿ ನೋಡಾಕೆ ಬಂದೀಯ?"

ಬೂವಮ್ಮ ತಲೆ ಬಗ್ಗಿಸಿ ಅರೆಯತೊಡಗಿದಳು. ನಾನು ದಿನಾ ಅಕ್ಕನ ಮನೆಯಿಂದ ಬಂದು ಹತ್ತಿರ ಕೂರುತ್ತಿದ್ದೆ. ನಾಲ್ಕು ದಿನ ಆಕೆ ಅರೆದದ್ದೇ ಅರೆದದ್ದು.

ಕೆಲಸ ಸಾಬರು ಹೇಳಿದಂತೆಯೇ ಮುಗಿಯಿತು. ಜಗಳೂರಿನ ಒಣಗಾಳಿ ಬಡಿಯದಿರಲೆಂದು ಗೋಡೆಯುದ್ದಕ್ಕೂ ಒದ್ದೆ ಬಟ್ಟೆ ಇಳಿಬಿಟ್ಟರು. ಹತ್ತು ದಿನ ತೆಗೆಯುವಂತಿಲ್ಲ. ನ್ಯಾಮತಿಯ ಕೆಲಸಕ್ಕೆ ಸುಣ್ಣ ಅರೆಯಬೇಕಿತ್ತು, ಬೂವಮ್ಮ ಊರಿಗೆ ಹೊರಟು ನಿಂತಳು, ಅವಳ ಜೊತೆ ನಾನೂ. ಆಗ ಮನೆಯ ಯಜಮಾನಿ, ಒಳ್ಳೆಯ ಹೆಂಗಸು, ಹಿತ್ತಲಿಗೆ ಬಂದು ನಮ್ಮಿಬ್ಬರನ್ನೂ ಪಡಸಾಲೆಗೆ ಕರೆದೊಯ್ದಳು. ಗಂಡಸರು ಯಾರೂ ಇರಲಿಲ್ಲ. ಒಂದು ಮೂಲೆ ಎತ್ತಿ ನೋಡವ್ವಾ, ನಿನ್ನದೇ ಅಲ್ಲವೇ ಅಂದಳು.

ಬೂವಮ್ಮ ಬಟ್ಟೆಯ ಅಂಚನ್ನು ಹಿಡಿದಳು. ಎಷ್ಟು ಹೊತ್ತು ಹಿಡಿದಿದ್ದಳೋ… ನೀರು ಅವಳ ಮೊಣಕೈ ತನಕ ಇಳಿಯಿತು. ಆಮೇಲೆ ಬಿಟ್ಟಳು.

"ಬ್ಯಾಡ್ರೀ ಅಮ್ಮ. ಈಗ ಗಾಳಿ ಸೋಕಿದ್ರೆ ಕೆಡ್ತೈತೆ."

ಎರಡು ವರ್ಷಕ್ಕೆ ನನ್ನನ್ನು ಜಗಳೂರಿನ ಹತ್ತಿರದ ಸೊಕ್ಕೆಗೆ ಮದುವೆ ಮಾಡಿಕೊಟ್ಟರು. ಹೊರಡುವಾಗ ಬೂವಮ್ಮ ಗಲ್ಲ ಸವರಿ, ಆ ಕಡೇನೇ ಹೊಂಟೀಯಲ್ಲ, ನನ್ನ ಗೋಡೆ ನೋಡ್ಕೊಂಡು ಬಂದು ಹೇಳು ಎಂದಳು. ಅದೇ ಯಜಮಾನಿ ಅರಿಶಿನ ಕುಂಕುಮಕ್ಕೆ ಕರೆದಾಗ ಹೋದೆ. ಗೋಡೆಯೊಳಗೆ ನಾನೇ ನಿಂತಿದ್ದೆ, ಹೊಸ ಮೂಗುಬೊಟ್ಟಿನ ಹರಳು ಸಮೇತ.

ಚೊಚ್ಚಲ ಹೆರಿಗೆಗೆ ತವರಿಗೆ ಬಂದವಳು ಮೋಟುಗೋಡೆಯ ಬಳಿ ನಿಂತು ಅದನ್ನೇ ಬಣ್ಣಿಸಿದೆ. ಬೂವಮ್ಮ ಸೊರಗಿದ್ದಳು, ಸುಣ್ಣ ತಿಂದ ಬೆರಳುಗಳು ಸೀಳುಬಿಟ್ಟಿದ್ದವು. ಎಲ್ಲ ಕೇಳಿ ಒಂದೇ ಮಾತು ಕೇಳಿದಳು.

"ಅವರದ್ದು ಎಲ್ಲಿಗೆ ಮುಗೀತು, ನಂದು ಎಲ್ಲಿಂದ ಸುರುವಾತು, ಗೊತ್ತಾತಾ?"

ನಾನು ನೋಡಿರಲಿಲ್ಲ. ಅದನ್ನು ನೋಡಬೇಕೆಂದೇ ಹೊಳೆದಿರಲಿಲ್ಲ. ನನ್ನ ಮುಖ ಕಂಡಿತು ನೋಡು, ಅಲ್ಲೇ ನಿಂತುಬಿಟ್ಟೆ ಎಂದೆ. ಬೂವಮ್ಮ ಕೆಮ್ಮು ಬರುವಷ್ಟು ನಕ್ಕಳು. "ನಿನ್ನ ಮೋರೆ ನೋಡ್ಕೊಂಡು ಬಾ ಅಂದಿದ್ನೇನೇ ನಾನು?" ಆಮೇಲೆ ಮೆಲ್ಲಗೆ, ಮುಂದಿನ ಸಲ ಕಣ್ಣು ಮುಚ್ಚಿ ಕೈ ಆಡಿಸು ಎಂದಳು.

ಮಗು ಹೊಸ್ತಿಲು ದಾಟುವ ಹೊತ್ತಿಗೆ ಮತ್ತೆ ಆ ಮನೆಗೆ ಹೋಗುವುದು ಕೂಡಿಬಂತು. ಈ ಸಲ ಕಣ್ಣು ಮುಚ್ಚಿಕೊಂಡೆ. ಅಂಗೈಯನ್ನು ಮೇಲಿನಿಂದ ಇಳಿಸುತ್ತ ಬಂದೆ. ಮೊದಮೊದಲು ನುಣುಪೇ, ಆದರೂ ಹಿಟ್ಟು ಸವರಿದ ಹಾಗೆ ಏನೋ ಒಂದು ತಡೆ. ನನ್ನ ಭುಜದ ಎತ್ತರದಲ್ಲಿ ಕೂದಲೆಳೆಯಷ್ಟು ಗೆರೆ ಸಿಕ್ಕಿತು. ಅದನ್ನು ದಾಟಿದೊಡನೆ ಕೈ ತಾನಾಗಿ ಜಾರಿತು. ತಣ್ಣಗೆ, ಸದ್ದಿಲ್ಲದೆ…

ಹೇಳಬೇಕೆಂದು ಉಗಾದಿಗೆ ಚನ್ನಗಿರಿಗೆ ಓಡಿದೆ. ಮೋಟುಗೋಡೆಯಾಚೆ ಬೇರೆ ಯಾರೋ ಬಾಣಂತಿಯ ಬಟ್ಟೆ ಒಣಹಾಕಿದ್ದರು. ಬೂವಮ್ಮ ಮಾಗಿಯಲ್ಲೇ ಜ್ವರದಲ್ಲಿ ಹೋದಳೆಂದು ಅವ್ವ ಹೇಳಿದಳು. ಸಾಬರು ಹೊನ್ನಾಳಿಯ ತಮ್ಮನ ಮನೆ ಸೇರಿದ್ದರು.

ಆ ಪಡಸಾಲೆಯೂ ಈಗಿಲ್ಲ, ರಸ್ತೆ ಅಗಲ ಮಾಡುವಾಗ ಹೋಯಿತು. ಮೊಮ್ಮಗ ಬಕೀಟು ಎತ್ತಿಕೊಂಡು ಗಿಡದ ಕಡೆ ಹೋದ ಮೇಲೆ, ನೆಲಕ್ಕೆ ಬಿದ್ದಿದ್ದ ಸುಣ್ಣವನ್ನು ಬೆರಳಲ್ಲಿ ತೆಗೆದುಕೊಂಡು ಕಿವಿಗೆ ಹಿಡಿದೆ. ನನಗೀಗ ಕಿವಿಯೂ ಅಷ್ಟಕ್ಕಷ್ಟೇ. ಭುಜದ ಎತ್ತರಕ್ಕೆ ಇತ್ತು ಬೂವಮ್ಮಾ ಆ ಗೆರೆ, ಕಿಟಕಿಯ ಪಕ್ಕದಲ್ಲಿ. ಅಲ್ಲಿಂದ ಕೆಳಗೆ ಪೂರ್ತಿ ನಿನ್ನದು. ಇಷ್ಟನ್ನು ಕೇಳಿಸಿಕೊಳ್ಳಬೇಕಾದವಳು ಮಾತ್ರ ಇಲ್ಲ.