ತೊಳೆಯಲು ಕೊಡದ ಪಾದಗಳು

ಅಥವಾ ಆ ಗುಳ್ಳೆಗಳನ್ನು ನಾನೇ ಆಮೇಲೆ ಸೇರಿಸಿಕೊಂಡೆನೋ ಏನೋ. ಚಂದಮ್ಮ ಎಂದೊಡನೆ ನನಗೆ ಕಾಣುವುದು ಮುಖವಲ್ಲ, ಅಂಗಾಲು. ಗುಳ್ಳೆಯೆದ್ದು ಅಂಚಿನಲ್ಲಿ ಚರ್ಮ ಸುಲಿದ ಅಂಗಾಲು, ಮನೆಯ ಮೆಟ್ಟಿಲೇರುವಾಗ ಸೀರೆಯ ಕೆಳಗೆ ಒಂದು ಕ್ಷಣ ಕಂಡು ಮರೆಯಾದದ್ದು. ಆದರೆ ಇದೇ ನೆನಪು ಅಂದು ವಾಡಿಯಲ್ಲಿ ಮಳೆ ಸುರಿಯುತ್ತಿತ್ತು ಅನ್ನುತ್ತದೆ, ಪ್ಲಾಟ್‌ಫಾರ್ಮಿನ ಫರಸಿ ಕಲ್ಲು ಬಿಸಿಲಿಗೆ ಕಾದಿತ್ತು ಅಂತಲೂ ಅನ್ನುತ್ತದೆ. ಇಂಥ ಸಾಕ್ಷಿಯನ್ನು ಯಾವ ಕೋರ್ಟಿನಲ್ಲೂ ನಿಲ್ಲಿಸಲಾಗದು.

ವಾಡಿ ಜಂಕ್ಷನ್ನಿನ ರೈಲ್ವೆ ಕ್ವಾರ್ಟರ್ಸಿನಲ್ಲಿ ಅವರ ಮನೆಗೂ ನನ್ನ ಕೋಣೆಗೂ ನಡುವೆ ಒಂದೇ ಗೋಡೆ. ನಾನು ಆಗಷ್ಟೇ ಬುಕಿಂಗ್ ಆಫೀಸಿಗೆ ಬಂದಿದ್ದೆ. ಚಂದಮ್ಮನ ಗಂಡ ಯಲ್ಲಪ್ಪನವರು ಗೂಡ್ಸ್ ಗಾಡಿಯ ಗಾರ್ಡ್. ಗತ್ತಿನ ಮನುಷ್ಯ. ಶಹಾಬಾದ್ ಹತ್ತಿರ ಕಾಗಿಣಾ ನದಿಯ ಸೇತುವೆ ಬಂದಾಗ ಮಾತ್ರ ಗಾಡಿಯ ಕೊನೆಯ ಬ್ರೇಕ್‌ವ್ಯಾನಿನಲ್ಲಿ ನೀರಿಗೆ ಹೆದರಿ ಕಣ್ಣು ಮುಚ್ಚಿಕೊಳ್ಳುತ್ತಾರೆ ಎಂದು ಡ್ರೈವರುಗಳು ನಗುತ್ತಿದ್ದರು. ಚಂದಮ್ಮ ಪಡಸಾಲೆಗೆ ಬಂದು ಕೂತದ್ದನ್ನು ನಾನು ಕಂಡಿರಲಿಲ್ಲ. ಆಕೆಯ ಮಾತೆಲ್ಲ ಒಳಗಿನಿಂದ, ರೊಟ್ಟಿ ಬಡಿಯುವ ಸದ್ದಿನ ಮೇಲೆ ತೇಲಿ ಬರುತ್ತಿತ್ತು, ಅದೂ ಹೆಚ್ಚಾಗಿ ತಿದ್ದುಪಡಿ. ಹಾಲಿನವನನ್ನು ತಿದ್ದುತ್ತಿದ್ದಳು, ಗಂಡನನ್ನು ತಿದ್ದುತ್ತಿದ್ದಳು, ರೇಡಿಯೋದ ವಾರ್ತೆಗೂ "ಸುಳ್ಳ ಹೇಳ್ಲಿಕತ್ತಾನ ನೋಡ್ರಿ ಇಂವಾ" ಅನ್ನುತ್ತಿದ್ದಳು.

ಬೌದ್ಧರಾದ ಮೇಲೆ ಯಲ್ಲಪ್ಪನವರಿಗೆ ಒಂದೇ ಹಂಬಲ: ಸಿಲೋನಿಗೆ ಹೋಗಿ ಬುದ್ಧನ ದಂತವಿರುವ ಮಂದಿರವನ್ನೂ ಅನುರಾಧಪುರದ ಬೋಧಿವೃಕ್ಷವನ್ನೂ ನೋಡಬೇಕು. ರಾಮೇಶ್ವರದವರೆಗೆ ರೈಲ್ವೆ ಪಾಸ್ ಇತ್ತು, ಅಲ್ಲಿಂದಾಚೆಗೆ ಹಡಗು. ನಾಗಪುರದ ಕಡೆಯ ಯಾತ್ರಿಕರ ತಂಡವೊಂದಕ್ಕೆ ಗಂಡ ಹೆಂಡತಿ ಸೇರಿಕೊಂಡು ಹೋದರು. ನಮ್ಮ ಕಡೆಯವರು ಬೇರೆ ಯಾರೂ ಆ ತಂಡದಲ್ಲಿರಲಿಲ್ಲ. ಇದು ಮುಖ್ಯ.

ತಿರುಗಿ ಬಂದ ದಿನ ಓಣಿಯೆಲ್ಲ ನೆರೆದಿತ್ತು. ಹಳೆಯ ಆಚಾರಗಳನ್ನು ಹಳೆಯ ಧರ್ಮದ ಜೊತೆಗೇ ಬಿಟ್ಟಿದ್ದೇವೆ ಎಂದು ಸಭೆಗಳಲ್ಲಿ ಹೇಳುತ್ತಿದ್ದ ಹಿರಿಯರೇ ತಂಬಿಗೆಯಲ್ಲಿ ನೀರು ಹಿಡಿದು ನಿಂತಿದ್ದರು. ಯಾತ್ರೆಯಿಂದ ಬಂದವರ ಪಾದ ತೊಳೆಯದೆ ಒಳಗೆ ಬಿಡುವುದು ಅವರಿಂದ ಆಗಲಿಲ್ಲ.

"ಗಾರ್ಡ್ ಸಾಹೇಬ್ರ, ಬಾಲ ಸುಟ್ಕೊಂಡ್ ಬಂದಿಲ್ಲಲ್ಲ?" ಎಂದು ಯಾರೋ ಕೂಗಿದರು. ಎಲ್ಲರೂ ನಕ್ಕರು. ಯಲ್ಲಪ್ಪನವರು ನಗಲಿಲ್ಲ. ಹೆಂಗಸರು ನೀರೆರೆದಾಗ ಕಾಲು ಹಿಂದಕ್ಕೆಳೆದರು.

"ಮುಂದ ಮಾಡ್ರಿ, ಎದಕ್ಕ ನಾಚಲಿಕತ್ತೀರಿ? ಚಂದಮ್ಮ, ನೀನೂ ಬಾ."

"ಅವರವು ಸಾಕ್ರೆವ್ವಾ," ಎಂದು ಚಂದಮ್ಮ ಸೀರೆಯನ್ನು ನೆಲಕ್ಕೆ ತಾಗುವಷ್ಟು ಇಳಿಸಿದಳು. ಹೂವು ಬಿದ್ದದ್ದು ಯಲ್ಲಪ್ಪನವರ ಪಾದದ ಮೇಲೆ. ಆ ಪಾದಗಳು ನನಗೆ ಚೆನ್ನಾಗಿ ನೆನಪಿವೆ: ಬೂಟಿನಿಂದ ಈಗಷ್ಟೇ ತೆಗೆದಂಥವು, ನುಣ್ಣಗೆ ಬೆಳ್ಳಗೆ. ಆಮೇಲೆಯೇ ಆಕೆ ಮೆಟ್ಟಿಲು ಹತ್ತಿದ್ದು.

ಅಂದಿನಿಂದ ಸಂಜೆ ಸಂಜೆ ಅವರ ಪಡಸಾಲೆ ತುಂಬತೊಡಗಿತು. ಯಲ್ಲಪ್ಪನವರು ಲಂಕೆಯನ್ನು ಹೇಳುವರು, ಒಳಗಿನಿಂದ ಚಂದಮ್ಮ ತಿದ್ದುವಳು. ಎದುರುಮನೆಯ ಮುದುಕಿ ನೀಲಮ್ಮನಿಗೆ ಬೇರೆಯೇ ಲಂಕೆ ಬೇಕಿತ್ತು. "ಸೀತವ್ವ ಕುಂತಿದ್ದ ಗಿಡ ನೋಡಿದ್ರೇನ್ರಿ ಸಾಹೇಬ್ರ?"

ಯಲ್ಲಪ್ಪನವರು ಅಡಿಗೆಮನೆಯ ಬಾಗಿಲ ಕಡೆ ನೋಡಿದರು. ರೊಟ್ಟಿಯ ಸದ್ದು ನಿಂತು ಒಳಗಿನಿಂದ ಚಂದಮ್ಮನ ದನಿ ಬಂತು: "ಗಿಡ ಅದ. ಅದು ಬ್ಯಾರೆ ಗಿಡ. ಅದರ ಕೆಳಗ ಮಳಲು ಹಾಸ್ಯಾರ. ಅಲ್ಲಿಂದ ಬೆಳ್ಳನ ಸ್ತೂಪಕ್ಕ ಹೋಗಬೇಕಂದ್ರ ಬರಿಗಾಲೀಲೆ ಹೋಗಬೇಕು. ಮಧ್ಯಾಹ್ನದಾಗ ಕಲ್ಲು ಹೆಂಚಾಗಿರ್ತದ, ನಮ್ಮ ಫರಸಿ ಏನೂ ಅಲ್ಲ."

"ಹೂಂ, ಬ್ಯಾರೆ ಗಿಡ," ಎಂದರು ಯಲ್ಲಪ್ಪನವರು. "ಭಾಳ ದೊಡ್ಡದು."

ಅಷ್ಟರಲ್ಲಿ ಹೊಸ ಬುದ್ಧವಿಹಾರಕ್ಕೆ ಜಾಗ ಸಿಕ್ಕಿತು. ದಂತಮಂದಿರ ನೋಡಿ ಬಂದವರ ಕೈಯಿಂದಲೇ ಅಡಿಗಲ್ಲು ಇಡಿಸಬೇಕೆಂದು ಹಿರಿಯರು ಗೊತ್ತುಮಾಡಿದರು. ಹೇಳಲು ಬಂದವರ ಜೊತೆ ಶಹಾಬಾದಿನ ಮಾಸ್ತರರೊಬ್ಬರಿದ್ದರು. ಯಲ್ಲಪ್ಪನವರು ಹುರುಪಿನಲ್ಲಿದ್ದರು. "ದಂತ ಅಂದ್ರ ಹೆಂಗ ಅದ ಅಂತೀರಿ? ಮಲ್ಲಿಗಿ ಮೊಗ್ಗು! ಕಣ್ಣಿಗಿ ಕುಕ್ತದ."

ಮಾಸ್ತರರು ಕನ್ನಡಕ ಸರಿಮಾಡಿಕೊಂಡರು. "ಅಲ್ಲ ಸಾಹೇಬ್ರ, ದಂತ ಕರಂಡದಾಗ ಇಟ್ಟಿರ್ತಾರ, ಮಂದಿಗಿ ತೆಗೆದು ತೋರ್ಸಂಗಿಲ್ಲ ಅಂತ ನಾ ಕೇಳೀನಿ. ನೀವು ಖರೇನ ನೋಡಿದ್ರೇನು?"

ಯಲ್ಲಪ್ಪನವರ ಕುತ್ತಿಗೆಯಲ್ಲಿ ಬೆವರು ಕಂಡಿತು. ಅಡಿಗಲ್ಲಷ್ಟೇ ಅಲ್ಲ, ಆ ಮನುಷ್ಯ ಇಡೀ ವಾಡಿಯಲ್ಲಿ ತಲೆಯೆತ್ತಿ ನಡೆಯುವುದೇ ಆ ಉತ್ತರದ ಮೇಲೆ ನಿಂತಿತ್ತು. ಆಗ ಚಂದಮ್ಮ ಹಿಟ್ಟಿನ ಕೈಯಲ್ಲೇ ಪಡಸಾಲೆಗೆ ಬಂದಳು.

"ಖರೆ ಅದರಿ ಮಾಸ್ತರ್ರ. ಏಳು ಕರಂಡ, ಒಂದರೊಳಗೊಂದು. ಹೊರಗಿಂದಷ್ಟೇ ಕಾಣ್ತದ. ಆದ್ರ ಇವರು ಅದರ ಮುಂದ ಕಣ್ಣು ಮುಚ್ಚಿ ನಿಂತಿದ್ರು. ಕಣ್ಣು ತೆರದು ನೋಡಿದಾಕಿ ನಾ, ನನಗ ಬರೇ ಡಬ್ಬಿ ಕಂಡ್ತು. ಇವರಿಗಿ ಹಲ್ಲು ಕಂಡ್ತು. ಯಾರ ಪುಣ್ಯ ಎಷ್ಟದ ಅಷ್ಟೇ ಕಾಣ್ತದ, ಹೌದಿಲ್ಲೋ?"

ಮಾಸ್ತರರು ಕೈಮುಗಿದರು, ಆಕೆಗಲ್ಲ, ಯಲ್ಲಪ್ಪನವರಿಗೆ. ಒಳಗೆ ಹೆಂಚಿನ ಮೇಲಿನ ರೊಟ್ಟಿ ಸೀದು ಹೋಗಿತ್ತು. ಅಡಿಗಲ್ಲಿಟ್ಟ ದಿನ ಯಲ್ಲಪ್ಪನವರಿಗೆ ಹಾರ ಹಾಕಿದರು. ಚಂದಮ್ಮ ಹೆಂಗಸರ ಹಿಂದೆ ನಿಂತು ಕಲ್ಲು ಓರೆಯಾಗಿದೆ ಎಂದು ಪಕ್ಕದವಳಿಗೆ ಹೇಳುತ್ತಿದ್ದಳು. ಓರೆಯಾಗಿತ್ತು.

ಆಕೆಯನ್ನು ನಾನು ಕಡೆಯ ಸಲ ಕಂಡದ್ದು ಶಹಾಬಾದಿನಲ್ಲಿ, ಆಕೆಯ ತಮ್ಮನ ಮನೆಯಲ್ಲಿ. ಯಲ್ಲಪ್ಪನವರು ತೀರಿಕೊಂಡಿದ್ದರು. ಪಡಸಾಲೆಯಲ್ಲೇ ಕೂತಿದ್ದಳು, ಕಾಲು ಚಾಚಿಕೊಂಡು. ಹಳೆಯ ಸಲುಗೆಯಿಂದ ಕೇಳಿಬಿಟ್ಟೆ: "ಚಂದಕ್ಕ, ಸಾಹೇಬ್ರು ಖರೇನ ಹಡಗು ಹತ್ತಿದ್ರೇನು?"

ನನ್ನ ಮುಖವನ್ನೇ ನೋಡಿದಳು. ತಿದ್ದುವುದಕ್ಕೆ ಏನೋ ತಪ್ಪು ಸಿಕ್ಕಿದೆ ಎಂಬಂತೆ.

"ಪಾದ ತೊಳದೀರಿ, ಹೂವಾ ಹಾಕೀರಿ. ಈಗ ತಿರಗಿ ತೊಗೋತೀರೇನು?"

ಕಾಲು ಮಡಚಿಕೊಂಡು ಸೀರೆ ಎಳೆದುಕೊಂಡಳು. ತಮ್ಮನ ಹೆಂಡತಿಗೆ ಚಹಾ ಇಡಲು ಹೇಳಿದಳು. ನಾನು ಚಹಾ ಕುಡಿದು ಬಂದೆ.

ಆಕೆ ಲಂಕೆ ನೋಡಿದ್ದಳು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಯಲ್ಲಪ್ಪನವರು ಹಡಗು ಹತ್ತಿದ್ದರೋ, ಆಕೆ ಬರುವವರೆಗೆ ರಾಮೇಶ್ವರದ ದಂಡೆಯ ಮೇಲೇ ಕೂತಿದ್ದರೋ, ನನಗೆ ಗೊತ್ತಿಲ್ಲ.