ಮೋಡಕ್ಕೆ ಬಲೆ ಹಾಕಿದ್ದು

ಮಲ್ಪೆಯ ಎದುರಿನ ನಾಲ್ಕು ಬೆರಳಗಲ ನೀರು ನೋಡಲು ನಾನು ಇಡೀ ಜಗತ್ತಿನ ಸಮುದ್ರವನ್ನು ಮುಂಬಯಿ ಪಕ್ಕದ ಡೊಂಬಿವಲಿಗೆ ಇಳಿಸಿಕೊಳ್ಳಬೇಕಾಗಿತ್ತು. ಬೇರೆ ದಾರಿಯೇ ಇರಲಿಲ್ಲ. ಉಪಗ್ರಹವೊಂದು ದಿನವೂ ಭೂಮಿಯ ಎಲ್ಲ ಸಮುದ್ರಗಳ ಮೇಲ್ಮೈ ಎಷ್ಟು ಬಿಸಿ ಎಂದು ಅಳೆಯುತ್ತಿತ್ತು. ಆ ಅಳತೆಯನ್ನೆಲ್ಲ ಒಂದೇ ಫೈಲಿಗೆ ತುಂಬಿ, ಯಾರು ಬೇಕಾದರೂ ತಗೊಳ್ಳಿ ಎಂದು ಅಮೆರಿಕದವರು ವೆಬ್‌ಸೈಟಿನಲ್ಲಿ ಇಡುತ್ತಿದ್ದರು. ಪುಕ್ಕಟೆ. ಪುಕ್ಕಟೆ ಎಂದ ಮೇಲೆ ನಾವು ಬಿಡುವವರಾ? ಆದರೆ ನಮ್ಮ ಕೇಬಲ್‌ವಾಲಾ ಕೊಟ್ಟ ಇಂಟರ್ನೆಟ್ಟಿಗೆ ಅಟ್ಲಾಂಟಿಕ್ ದಾಟುವಷ್ಟರಲ್ಲೇ ಏದುಸಿರು. ನೂರಕ್ಕೆ ತೊಂಬತ್ತು ಇಳಿಯಿತು ಎನ್ನುವಾಗ ಸರಿಯಾಗಿ ಲೋಡ್‌ಶೆಡ್ಡಿಂಗ್. ಕರೆಂಟು ಬಂದ ಮೇಲೆ ಮತ್ತೆ ಸೊನ್ನೆಯಿಂದ ಶುರು. ಅಮ್ಮ ಅಡುಗೆಮನೆಯಿಂದ, ನಿನ್ನ ಸಮುದ್ರ ಬಂತಾ, ಇನ್ನೂ ದಾರಿಯಲ್ಲೇ ಉಂಟಾ ಎಂದು ಕೇಳುತ್ತಿದ್ದಳು.

ಇದು ಎರಡು ಸಾವಿರದ ಹತ್ತರ ಆಸುಪಾಸಿನ ಮಾತು. ನಾನು ಮಹಾಪೆಯ ಒಂದು ಕಂಪನಿಯಲ್ಲಿ ಪರದೇಶದ ಊರುಗಳ ನಕ್ಷೆ ತಿದ್ದುವ ಕೆಲಸದಲ್ಲಿದ್ದೆ. ಕಾಣದ ಊರಿನ ಚರಂಡಿ, ಕಾಣದ ಊರಿನ ಲೈಟು ಕಂಬ, ಇವನ್ನೇ ಬೆಳಗಿನಿಂದ ಸಂಜೆಯವರೆಗೆ ಮೌಸಿನಲ್ಲಿ ಗೀಚುವುದು. ಬೇಜಾರು ಎಂದರೆ ಎಂಥ ಬೇಜಾರು. ಸಮುದ್ರದ ಬಿಸಿಯ ಫೈಲು ಹೀಗೆ ಸಿಗುತ್ತದೆ ಎಂದು ನನ್ನ ಪಕ್ಕದ ಕುರ್ಚಿಯ ಸಹೋದ್ಯೋಗಿ ಊಟದ ಹೊತ್ತಿನಲ್ಲಿ ಹೇಳಿದಾಗ ನನಗೆ ತಟ್ಟನೆ ನೆನಪಾದದ್ದು ಅಪ್ಪನ ಕೈ.

ಅಪ್ಪ ಮಲ್ಪೆಯಲ್ಲಿ ತಾಂಡೇಲರಾಗಿದ್ದವರು. ತಾಂಡೇಲ ಎಂದರೆ ದೋಣಿ ಎತ್ತ ಹೋಗಬೇಕು, ಬಲೆ ಎಲ್ಲಿ ಬಿಡಬೇಕು ಎಂದು ಹೇಳುವವನು. ಅವರು ದೋಣಿಯ ಅಂಚಿಗೆ ಬಗ್ಗಿ ನೀರಿಗೆ ಕೈ ಅದ್ದುತ್ತಿದ್ದರು. ಬಿಸಿ ನೀರೂ ತಣ್ಣೀರೂ ಕೂಡುವ ಗೆರೆ ಸಿಕ್ಕಿದರೆ ಸಾಕು, ಅಲ್ಲೇ ಬಂಗುಡೆ ಮೀನು. ನನಗೆ ಎಂಟು ವರ್ಷವಾಗಿದ್ದಾಗ ಅದೇ ಕೈ ಬಲೆ ಎಳೆಯುವ ಯಂತ್ರಕ್ಕೆ ಸಿಕ್ಕಿತು. ಮೂರು ಬೆರಳು ಮತ್ತೆ ಮಡಚಲಿಲ್ಲ. ದೋಣಿ ಚಿಕ್ಕಪ್ಪನ ಕೈಗೆ ಹೋಯಿತು, ನಾವು ಡೊಂಬಿವಲಿಗೆ ಬಂದೆವು, ಅಪ್ಪ ಠಾಣೆಯ ಕೋಪರಿಯಲ್ಲಿ ನೆಂಟರೊಬ್ಬರ ಲಂಚ್ ಹೋಮಿನ ಗಲ್ಲಾದಲ್ಲಿ ಕೂತರು. ಮೀನು ಹಿಡಿಯುವವರು ಮೀನು ಫ್ರೈಯ ಬಿಲ್ಲು ಹರಿಯುವವರಾದರು.

ಮೊದಮೊದಲು ಚಿಕ್ಕಪ್ಪ ದಿನಾ ಫೋನು ಮಾಡಿ ಜಾಗ ಕೇಳುತ್ತಿದ್ದರು. ಆಮೇಲೆ ವಾರಕ್ಕೊಮ್ಮೆ. ಆಮೇಲೆ ಹಬ್ಬಕ್ಕೆ ಮಾತ್ರ, ಅದೂ ಠಾಣೆಯಲ್ಲಿ ಪಾಪ್ಲೆಟ್ ಮೀನಿಗೆ ಎಷ್ಟು ರೇಟು ಎಂದು ಕೇಳುವುದಕ್ಕೆ. ಅಪ್ಪ ಬಾಯಿ ಬಿಟ್ಟು ಏನೂ ಹೇಳಿದವರಲ್ಲ. ಆದರೆ ನನಗೆ ಗೊತ್ತಿತ್ತು, ಅಮ್ಮನಿಗೂ ಗೊತ್ತಿತ್ತು: ತನ್ನ ಮಾತಿಗೆ ಒಂದು ದೋಣಿ ಇನ್ನೊಮ್ಮೆ ತಿರುಗಬೇಕು, ಅಷ್ಟೇ ಅವರಿಗೆ ಬೇಕಾಗಿದ್ದದ್ದು. ಅದನ್ನು ಕೊಡಿಸಿಯೇ ತೀರುತ್ತೇನೆ ಎಂದು ನನ್ನ ತಲೆಗೆ ಹುಚ್ಚು ಹತ್ತಿತು.

ಮೂರನೇ ದಿನ ಫೈಲು ಪೂರ್ತಿ ಇಳಿಯಿತು. ತೆರೆದರೆ ಡಿಗ್ರಿ ಇರಬೇಕಾದಲ್ಲಿ ಒಂದೊಂದು ಅಂಕೆಯೂ ಸಾವಿರದ ಮೇಲೆ. ಅಪ್ಪ ಹಿಂದೆ ನಿಂತು ನೋಡಿ, ಇಷ್ಟು ಬಿಸಿಯಾದರೆ ಮೀನು ಬೆಂದೇ ಬರಬೇಕು, ಮಸಾಲೆ ಹಚ್ಚಿದರಾಯಿತು ಎಂದರು. ಆ ಅಂಕೆಯನ್ನು ಒಂದು ಪುಟ್ಟ ಸಂಖ್ಯೆಯಿಂದ ಗುಣಿಸಿದರೆ ಡಿಗ್ರಿ ಬರುತ್ತದೆ ಎಂದು ಕಂಡುಕೊಳ್ಳಲು ನನಗೆ ಇನ್ನೂ ಎರಡು ದಿನ ಹಿಡಿಯಿತು. ಬಿಸಿಗೆ ಕೆಂಪು, ತಂಪಿಗೆ ನೀಲಿ ಬಣ್ಣ ತುಂಬಿ, ಜಗತ್ತನ್ನೆಲ್ಲ ಕತ್ತರಿಸಿ ಎಸೆದು, ಉಡುಪಿಯ ಕರಾವಳಿಯನ್ನು ಸ್ಕ್ರೀನಿನ ಮಧ್ಯೆ ತಂದು ನಿಲ್ಲಿಸಿದೆ. ಅಪ್ಪ ಸೊಟ್ಟ ಬೆರಳನ್ನು ಕೆಂಪು ನೀಲಿ ಕೂಡುವ ಅಂಚಿನ ಮೇಲೆ ಮೆಲ್ಲಗೆ ಎಳೆದರು. ನಾನು ಕೈ ಅದ್ದಿ ಹುಡುಕುತ್ತಿದ್ದದ್ದು ಇದನ್ನೇ ಎಂದರು. ನಾನು ಕುಣಿಯುವುದೊಂದು ಬಾಕಿ. ಇಲ್ಲ, ಕುಣಿದೆ, ಸುಳ್ಳು ಯಾಕೆ. ಕೆಳಗಿನ ಮನೆಯವರು ಕೋಲಿನಿಂದ ಸೂರು ಕುಟ್ಟಿದರು.

ಒಂದೇ ತಕರಾರು. ಚಿತ್ರದ ತುಂಬ ಬಿಳಿ ತೂತು. ಮೋಡ ಇದ್ದ ಕಡೆ ಉಪಗ್ರಹಕ್ಕೆ ನೀರು ಕಾಣುವುದಿಲ್ಲ, ಅಂಥ ಕಡೆ ಅಳತೆ ನಂಬಬೇಡಿ ಎಂದು ಫೈಲಿನಲ್ಲೇ ಒಂದು ಗುರುತು ಇರುತ್ತದೆ, ಅದನ್ನು ನೋಡಿ ನಾನು ಅಷ್ಟನ್ನೂ ಬಿಳಿ ಬಿಟ್ಟಿದ್ದೆ. ಅಪ್ಪನಿಗೆ ಅದು ಸರಿಬರಲಿಲ್ಲ. ಇದೇನು ದೋಸೆಯಾ, ಇಷ್ಟು ತೂತು ಯಾಕೆ ಎಂದು ಕೇಳಿದರು. ಅಳತೆ ಉಂಟಲ್ಲ, ತುಂಬಿಸು ಎಂದರು. ಅವರ ಮುಖದಲ್ಲಿ ಅಷ್ಟು ವರ್ಷದ ಮೇಲೆ ಕಂಡ ಆ ಹುರುಪನ್ನು ನೋಡಿ ನನಗೂ ಬೇಡ ಎನ್ನಲು ಮನಸ್ಸಾಗಲಿಲ್ಲ. ಗುರುತು ನೋಡುವ ಸಾಲನ್ನೇ ಅಳಿಸಿಬಿಟ್ಟೆ. ಚಿತ್ರ ತುಂಬಿ ಬಂತು. ನೋಡಲು ಏನು ಚಂದ. ಆಮೇಲೆ ಕರೆಂಟು ಹೋಗದ ನಡುರಾತ್ರಿಯಲ್ಲಿ ದಿನಾ ಹೊಸ ಫೈಲು ಇಳಿಸಿ ಪ್ರಿಂಟು ತೆಗೆಯತೊಡಗಿದೆ.

ಇನ್ನು ಚಿಕ್ಕಪ್ಪ ಕೇಳಬೇಕಲ್ಲ. ನಮ್ಮ ದೋಣಿಯ ಪದ್ಧತಿ ಅದು: ಜಾಗವನ್ನು ತಾನಾಗಿ ಹೇಳುವಂತಿಲ್ಲ, ಕೇಳಿದವರಿಗೆ ಮಾತ್ರ ಹೇಳಬೇಕು. ಹೇಳಿದ ಮೇಲೆ ಬಲೆ ಮೇಲೆ ಬರುವವರೆಗೆ ದೋಣಿಯಲ್ಲಿ ಯಾರೂ ಎದುರಾಡಬಾರದು. ನನ್ನ ಅದೃಷ್ಟಕ್ಕೆ ಆ ಸಲ ಚೌತಿ ಕಳೆದರೂ ಬಂಗುಡೆಯ ಸುಳಿವಿರಲಿಲ್ಲ. ಸರ್ಕಾರದವರು ಬಂದರಿನ ಬೋರ್ಡಿನಲ್ಲಿ ಜಾಗ ಬರೆಯುತ್ತಿದ್ದರು, ಆದರೆ ಅದನ್ನು ಓದಿ ಎಲ್ಲ ದೋಣಿಗಳೂ ಅಲ್ಲಿಗೇ. ಹಬ್ಬದ ಮಾತಿಗೆ ಫೋನು ಮಾಡಿದ ಚಿಕ್ಕಪ್ಪ ಸಮುದ್ರ ಬರಿದಾಗಿದೆ ಎಂದು ಗೋಳು ತೋಡಿಕೊಂಡರು. ಅಪ್ಪ ಗಂಟಲು ಸರಿಮಾಡಿಕೊಂಡು, "ನೀನು ಹೇಳ್ತಾ ಇದ್ದೀಯಾ, ಕೇಳ್ತಾ ಇದ್ದೀಯಾ?" ಎಂದರು. ಕೇಳುತ್ತಿದ್ದೇನೆ ಎಂದೇ ಇಟ್ಟುಕೋ ಎಂದರಂತೆ ಚಿಕ್ಕಪ್ಪ. ಅಪ್ಪ ಉಪಗ್ರಹದ ಚಿತ್ರ ಉಂಟು ಎಂದು ಹೇಳಿ, ನಾನು ಬರೆದುಕೊಟ್ಟ ಅಕ್ಷಾಂಶ ರೇಖಾಂಶವನ್ನು ಒಂದೊಂದೇ ಅಂಕೆಯಾಗಿ, ಮಂತ್ರ ಹೇಳುವವರ ಹಾಗೆ ಹೇಳಿದರು.

ದೋಣಿ ಹೋಯಿತು. ಇಪ್ಪತ್ತೆಂಟು ಜನ, ಅಷ್ಟು ದೂರ. ಬಲೆ ಬಿಟ್ಟರು, ಎಳೆದರು, ಬಂದದ್ದು ಜೆಲ್ಲಿಫಿಶ್ ಎನ್ನುವ ಲೋಳೆಮೀನು ಮತ್ತು ಒಂದು ಪ್ಲಾಸ್ಟಿಕ್ ಚಪ್ಪಲಿ. ನೀರು ಅಲ್ಲಿ ತಣ್ಣಗೂ ಇರಲಿಲ್ಲವಂತೆ, ಸುತ್ತಲಿನ ಹಾಗೆಯೇ ಇತ್ತಂತೆ. ದೋಣಿಯ ಹುಡುಗರು ಅಪ್ಪನಿಗೆ ಮುಂಬಯಿ ತಾಂಡೇಲ ಎಂದು ಹೆಸರಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕರು ಎಂಬುದೂ ನಮಗೆ ತಲುಪಿತು. ಚಿತ್ರ ನೋಡಿದ್ದು ಯಾರು ಎಂದು ಚಿಕ್ಕಪ್ಪ ಕೇಳಿದ್ದಕ್ಕೆ ಅಪ್ಪ, ನಾನೇ ಎಂದರು. ನನ್ನ ಹೆಸರೇ ಎತ್ತಲಿಲ್ಲ. ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಹೋಗುವ ಮರ್ಯಾದೆ ನನ್ನದಾಗಬೇಕಿತ್ತು, ಹೋದದ್ದು ಅವರದ್ದು.

ನಾಲ್ಕು ದಿನ ನಾನು ಕಂಪ್ಯೂಟರಿನ ಮುಖ ನೋಡಲಿಲ್ಲ. ಮಹಾಪೆಯಲ್ಲಿ ಚರಂಡಿ ಗೀಚಿದೆ, ಶೀಳ್‌ಫಾಟಾದ ಟ್ರಾಫಿಕ್ಕಿನಲ್ಲಿ ಕೂತು ಮನೆಗೆ ಬಂದೆ, ಉಂಡೆ, ಮಲಗಿದೆ. ಐದನೆಯ ದಿನ ಭಾನುವಾರ. ಎದ್ದು ನೋಡಿದರೆ ಅಪ್ಪ ಕಿಟಕಿಯ ಹತ್ತಿರ ನಿಂತಿದ್ದಾರೆ. ದೋಣಿ ಹೋದಾಗಿನಿಂದ ಸುದ್ದಿ ಬರುವವರೆಗೆ ನಾನು ಪ್ರಿಂಟು ತೆಗೆದಿಟ್ಟಿದ್ದ ಮೂರು ದಿನದ ಚಿತ್ರಗಳನ್ನು ಒಂದರ ಮೇಲೊಂದಿಟ್ಟು ಬಿಸಿಲಿಗೆ ಹಿಡಿದಿದ್ದಾರೆ. ಕರೆದು ತೋರಿಸಿದರು. ನಾವು ದೋಣಿ ಕಳಿಸಿದ್ದ ನೀಲಿ ಮೊದಲ ದಿನ ಒಂದು ಕಡೆ, ಮರುದಿನ ಅಲ್ಲಿಂದ ಗೇಣುದ್ದ ಆಚೆ, ಮೂರನೆಯ ದಿನ ಮಾಯ. ಕೆಳಗೆ ದಡದ ಹತ್ತಿರ ಇನ್ನೊಂದು ಸಣ್ಣ ನೀಲಿ ಇತ್ತು, ನಾನು ಲೆಕ್ಕಕ್ಕೇ ಇಟ್ಟಿರಲಿಲ್ಲ. ಅದು ಮೂರು ದಿನವೂ ಇದ್ದಲ್ಲೇ ಇತ್ತು, ಬೆರಳಗಲ ಜರುಗಿದ್ದರೆ ಹೆಚ್ಚು.

"ನೀರಿಗೆ ಇಷ್ಟು ಅವಸರ ಇಲ್ಲ ಮಗಾ," ಎಂದರು ಅಪ್ಪ. "ಇದು ಮೋಡ."

ಹೌದಲ್ಲ. ಮೋಡದ ನೆತ್ತಿ ತಣ್ಣಗಿರುತ್ತದೆ, ಮೇಲಿಂದ ನೋಡುವ ಉಪಗ್ರಹಕ್ಕೆ ಅದೇ ತಣ್ಣೀರಿನ ಹಾಗೆ ಕಾಣುತ್ತದೆ. ನಂಬಬೇಡಿ ಎಂಬ ಗುರುತು ಇದ್ದದ್ದೇ ಅದಕ್ಕೆ. ಕಂಪ್ಯೂಟರ್ ಕಲಿತ ನಾನು ಆ ಗುರುತನ್ನು ಅಳಿಸಿದ್ದೆ, ಕಂಪ್ಯೂಟರ್ ಮುಟ್ಟದ ಮನುಷ್ಯ ಬಿಸಿಲಿಗೆ ಹಿಡಿದು ಅದನ್ನೇ ಹುಡುಕಿಕೊಂಡಿದ್ದರು. ಹಲ್ಲುಜ್ಜದೆ ಕೂತು ಅಳಿಸಿದ್ದ ಸಾಲನ್ನು ಮತ್ತೆ ಬರೆದೆ. ನಾಚಿಕೆಯಾಗಬೇಕಿತ್ತು, ನನಗೋ ತಡೆಯಲಾಗದ ನಗು. ಇಪ್ಪತ್ತೆಂಟು ಗಂಡಸರನ್ನು ಕಳಿಸಿ ಮೋಡಕ್ಕೆ ಬಲೆ ಹಾಕಿಸಿದವಳು ನಾನು. ಅಪ್ಪನೂ ನಕ್ಕರು, ಕೆಮ್ಮು ಬರುವಷ್ಟು. ಅಮ್ಮ ಬಂದು ಇಬ್ಬರಿಗೂ ಹುಚ್ಚು ಎಂದು ಚಾ ಇಟ್ಟು ಹೋದಳು.

ಆಮೇಲೆ ಶುರುವಾಯಿತು ನೋಡಿ ನಿಜವಾದ ಹಿಂಸೆ. ದಿನಾ ಫೈಲು ಇಳಿಸುತ್ತಿದ್ದೆ, ಸರಿಯಾದ ಗೆರೆ ಸಿಗುತ್ತಿತ್ತು, ಅಪ್ಪ ಅದನ್ನು ಚೀಟಿಯಲ್ಲಿ ಬರೆದು ಅಂಗಿಯ ಜೇಬಿನಲ್ಲಿಟ್ಟುಕೊಂಡು ಲೋಕಲ್ ರೈಲು ಹತ್ತಿ ಕೋಪರಿಗೆ ಹೋಗುತ್ತಿದ್ದರು. ಜೇಬಿನಲ್ಲಿ ಬಂಗುಡೆಯ ವಿಳಾಸ, ಕೇಳುವವರು ಯಾರೂ ಇಲ್ಲ. ನೀವೇ ಫೋನು ಮಾಡಿ ಎಂದರೆ ಕೇಳುತ್ತಿರಲಿಲ್ಲ. ಒಮ್ಮೆ ಬಲೆ ಬರಿದು ಮಾಡಿದವನು ತಾನಾಗಿ ಬಾಯಿ ಹಾಕಬಾರದು, ಅದು ಇನ್ನೂ ದೊಡ್ಡ ತಪ್ಪು ಎನ್ನುತ್ತಿದ್ದರು. ಎಂಥ ಪದ್ಧತಿ ಇದು, ನನಗೆ ಮೈಯೆಲ್ಲ ಉರಿಯುತ್ತಿತ್ತು.

ನಾನು ದೋಣಿಯವಳಲ್ಲ, ನನಗೆ ಯಾವ ಪದ್ಧತಿ? ಆಫೀಸಿನ ಮೆಟ್ಟಿಲ ಮೇಲೆ ನಿಂತು ಚಿಕ್ಕಪ್ಪನಿಗೆ ಫೋನು ಹಚ್ಚಿದೆ. ಚಿಕ್ಕಮ್ಮನ ಮೊಣಕಾಲು ನೋವು ವಿಚಾರಿಸಿದೆ, ಊರಿನ ಮಳೆ ವಿಚಾರಿಸಿದೆ. ಕೊನೆಗೆ, ಆ ದಿನ ಚಿತ್ರ ಕೆಡಿಸಿದವಳು ನಾನು, ಅಪ್ಪ ಅಲ್ಲ ಎಂದೆ. ಮೋಡದ ಕಥೆಯನ್ನೂ ಹೇಳಿದೆ. ಅಪ್ಪನ ಜೇಬಿನಲ್ಲಿ ದಿನಾ ಒಂದು ಚೀಟಿ ಇರುತ್ತದೆ, ಆದರೆ ನಿಮ್ಮ ಅಣ್ಣ ಹೇಗೆ ಎಂದು ನಿಮಗೆ ಗೊತ್ತಲ್ಲ ಎಂದೆ. ಚಿಕ್ಕಪ್ಪ ದೋಣಿಯಲ್ಲಿ ಕೆಲಸ ಉಂಟು ಎಂದು ಫೋನಿಟ್ಟರು. ಇದ್ದದ್ದೂ ಹೋಯಿತು ಎಂದುಕೊಂಡೆ. ಆ ಸಂಜೆ ಅಪ್ಪ ಮನೆಗೆ ಬಂದಾಗ ಜೇಬು ಖಾಲಿ, ಮುಖ ಮಾತ್ರ ಏನೋ ಕದ್ದು ತಂದವರ ಹಾಗಿತ್ತು. ತಮ್ಮ ಕೇಳಿದ, ಹೇಳಿದೆ ಎಂದರು. ನಾನು ಏನೂ ಗೊತ್ತಿಲ್ಲದವಳ ಹಾಗೆ ಓಹೋ ಎಂದೆ.

ಮರುದಿನ ಶನಿವಾರ, ನನಗೆ ರಜೆ. ಮನೆಯಲ್ಲಿ ಕೂರಲಾಗದೆ ಹೊಸ ಚಿತ್ರದ ಪ್ರಿಂಟು ಹಿಡಿದು ಮಧ್ಯಾಹ್ನವೇ ಕೋಪರಿಗೆ ಓಡಿದೆ. ಗಲ್ಲಾದ ಪಕ್ಕ ಸ್ಟೂಲು ಹಾಕಿಕೊಂಡು ಕೂತೆ. ಅಪ್ಪ ಒಂದು ಮೀನು ಊಟಕ್ಕೆ ಎರಡು ಸಲ ಬಿಲ್ಲು ಹರಿದರು, ಇನ್ನೊಬ್ಬರನ್ನು ಬಿಲ್ಲೇ ಇಲ್ಲದೆ ಕಳಿಸಿದರು. ನಾಲ್ಕು ಗಂಟೆ ದಾಟಿದ ಮೇಲೆ ಫೋನು ಬಂತು. ಅಪ್ಪ ಹೂಂ ಎಂದರು. ಸ್ವಲ್ಪ ಬಿಟ್ಟು ಮತ್ತೆ ಹೂಂ. ನನಗೆ ಅವರ ಮುಖದಿಂದ ಏನೆಂದರೆ ಏನೂ ತಿಳಿಯಲಿಲ್ಲ. ಆಮೇಲೆ ಫೋನಿಗೆ ಕೈ ಅಡ್ಡ ಹಿಡಿದು ನನ್ನ ಕಡೆ ತಿರುಗಿ, ನಾಳೆಗೆ ಕೇಳ್ತಾ ಇದ್ದಾನೆ ಎಂದು ಪಿಸುಗುಟ್ಟಿದರು.

ನಾನು ಪ್ರಿಂಟು ಬಿಚ್ಚಿ ತೋರಿಸಿದೆ. ಕಾರವಾರದಿಂದ ಮಂಗಳೂರಿನವರೆಗೆ ಬರೀ ಬಿಳಿ. ಒಂದು ಚುಕ್ಕಿ ನೀರು ಕಾಣುತ್ತಿರಲಿಲ್ಲ.

ಹಳೆಯ ಅಪ್ಪನಾಗಿದ್ದರೆ ಯಾವುದಾದರೂ ಒಂದು ಜಾಗ ಹೇಳಿಯೇ ಬಿಡುತ್ತಿದ್ದರು. ತಾಂಡೇಲನಾದವನಿಗೆ ಗೊತ್ತಿಲ್ಲದ ಸಮುದ್ರ ಇರಬಾರದು ಎಂಬ ಜಾತಿಯವರು ಅವರು. ಅವತ್ತು ಬಿಳಿ ಕಾಗದವನ್ನು ಎರಡು ಸಲ ನೋಡಿದರು, ಫೋನು ಕಿವಿಗಿಟ್ಟರು.

"ನಾಳೆಯದ್ದು ನನಗೆ ಗೊತ್ತಿಲ್ಲ ಮಾರಾಯ," ಎಂದರು.

ಹೋಯಿತು, ಈಗ ನಗುತ್ತಾರೆ ಎಂದುಕೊಂಡೆ ನಾನು. ಸಮುದ್ರದವರು ಫೋನಿನಲ್ಲೂ ಕೂಗಿಯೇ ಮಾತಾಡುವುದು, ಹಾಗಾಗಿ ಚಿಕ್ಕಪ್ಪ ಅಂದದ್ದು ನನಗೂ ಕೇಳಿತು.

"ಹಾಗಾದರೆ ನಾಳೆ ನಾವು ದೋಣಿ ಬಿಡುವುದಿಲ್ಲ, ಅಣ್ಣ."

ಅಪ್ಪ ಫೋನನ್ನು ಗಲ್ಲಾದ ಮೇಲೆ ಇಟ್ಟರು. ಬಿಡುವುದಿಲ್ಲವಂತೆ ಎಂದರು ನನಗೆ. ನಾನು ಗೊತ್ತಿಲ್ಲ ಅಂದದ್ದಕ್ಕೆ ಇಪ್ಪತ್ತೆಂಟು ಜನವೂ ಮನೆಯಲ್ಲಿ ಕೂರುತ್ತಾರಂತೆ ಎಂದರು. ಕಣ್ಣು ತುಂಬಿತ್ತು, ಬಾಯಿ ಕಿವಿಯವರೆಗೆ ನಗುತ್ತಿತ್ತು.

ಅದೆಲ್ಲ ಸರಿ, ಇವತ್ತಿನ ಬಲೆ ಏನಾಯಿತು ಎಂದು ನಾನೇ ಕೇಳಬೇಕಾಯಿತು.

"ಅದಾ? ತುಂಬಿತಂತೆ," ಎಂದು ಅಪ್ಪ ಮುಂದೆ ನಿಂತವರ ಬಿಲ್ಲು ತೆಗೆದುಕೊಂಡರು.